ಸಿಸ್ಟರ್ ಜೊತೆ ನಡೆದ ಕಾಡು

ನಾನು ಹುಟ್ಟಿ ಬೆಳೆದದ್ದು ರಾಮದುರ್ಗ ತಾಲ್ಲೂಕಿನ ತೊರಗಲ್ ಹತ್ತಿರದ ಒಂದು ಹಳ್ಳಿಯಲ್ಲಿ. ಅಲ್ಲಿ ಮಳೆ ಬಂದರೆ ಜನ ಮನೆಯೊಳಗೆ ಓಡುವುದಿಲ್ಲ, ನೋಡಲು ಹೊರಗೆ ಬರುತ್ತಾರೆ. ಗಿಡಮರ ಎಂದರೆ ನನಗೆ ಹಳ್ಳದ ದಂಡೆಯ ಜಾಲಿ, ಹೊಲದ ಬದುವಿನ ಬೇವು, ಅಷ್ಟೇ. ಬೈಲಹೊಂಗಲದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ, ಮಳೆಕಾಡಿನ ಪಾಠವನ್ನು ಪುಸ್ತಕದ ಚಿತ್ರ ತೋರಿಸಿ ಮುಗಿಸುತ್ತಿದ್ದೆ. ಅಂಥ ಕಾಡು ನಮ್ಮ ಜಿಲ್ಲೆಯಲ್ಲೇ, ಖಾನಾಪುರದ ಆಚೆಗೆ ಇದೆ ಎಂದು ಗೊತ್ತಿದ್ದರೂ ನಲವತ್ತರ ಹತ್ತಿರ ಬರುವವರೆಗೆ ಹೋಗಿರಲಿಲ್ಲ.

ಬೆಳಗಾವಿಯ ಚಾರಣದವರ ಗುಂಪಿನೊಂದಿಗೆ ಮೊದಲ ಸಲ ಹೋದಾಗ ಎಲ್ಲರಿಗಿಂತ ಹಿಂದೆ ಉಳಿದವಳು ನಾನು. ನನಗಿಂತ ಹಿಂದೆ ಇನ್ನೊಬ್ಬಳಿದ್ದಳು. ಕಿತ್ತೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್, ತವರು ಸವದತ್ತಿ, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವಳು. ಕೊರಳಿಗೆ ಕ್ಯಾಮೆರಾ, ಮಳೆ ತಾಗದಂತೆ ಅದಕ್ಕೆ ಆಪರೇಷನ್ ಕೋಣೆಯ ಟೋಪಿ ತೊಡಿಸಿದ್ದಳು. ಮುಂದಿನವರನ್ನು ಹಿಡಿಯಲು ನಾನು ಏದುಸಿರು ಬಿಡುತ್ತಿದ್ದುದನ್ನು ನೋಡಿ, "ಯಾಕ ಅವಸರ ಮಾಡ್ತೀರಿ ಅಕ್ಕಾ? ಅವರು ಗುಡ್ಡ ಏರಾಕ ಬಂದಾರ. ನಾವು ನೋಡಾಕ ಬಂದೀವಿ" ಎಂದಳು.

ಅಂದಿನಿಂದ ನಾವಿಬ್ಬರೇ ಹೋಗತೊಡಗಿದೆವು. ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ನಾನೂ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದೆ. ಅರಣ್ಯದವರ ಅನುಮತಿ ಪಡೆದು, ಜೊತೆಗೆ ಒಬ್ಬ ಗಾರ್ಡನನ್ನು ಕರೆದುಕೊಂಡು, ಮಳೆಗಾಲದ ರಜಾದಿನಗಳನ್ನು ಅಲ್ಲೇ ಕಳೆಯುತ್ತಿದ್ದೆವು. ಅವಳು ಮನೆ ಬಿಟ್ಟು ಬರಲು ಸಾಧ್ಯವಾದದ್ದು ಅವಳ ಅತ್ತೆಯಿಂದ. ತಮ್ಮ ಮಗನಿಗೆ ಊಟಕ್ಕೆ ಬಡಿಸುವುದರಿಂದ ಹಿಡಿದು ದನದ ಕೆಲಸದವರೆಗೆ ಎಲ್ಲವನ್ನೂ ಆ ಮುದುಕಿ ತಾವೇ ನೋಡಿಕೊಂಡು, ಬುತ್ತಿ ಕಟ್ಟಿಕೊಟ್ಟು, ಬಾಗಿಲಿಗೆ ಬಂದು ಕಳಿಸುತ್ತಿದ್ದರು.

ಬಿಸಿಲುನಾಡಿನವರಾದ ನಮಗೆ ಬೆಳಕನ್ನು ಹುಡುಕಿ ಗೊತ್ತಿರಲಿಲ್ಲ. ಆ ಕಾಡಿನೊಳಗೆ ಮಧ್ಯಾಹ್ನವೂ ಮಬ್ಬು. ಮಳೆ ನಿಂತ ಮೇಲೂ ಎಲೆಯಿಂದ ಎಲೆಗೆ ಹನಿ ಬೀಳುತ್ತಲೇ ಇರುತ್ತಿತ್ತು. ಅವಳ ಕ್ಯಾಮೆರಾ ಇಸಕೊಂಡು ನಾನು ತೆಗೆದ ಮೊದಲ ವರ್ಷದ ಫೋಟೋಗಳೆಲ್ಲ ಅಲುಗಾಡಿ ಹಾಳಾದವು. ಮರಕ್ಕೆ ಬೆನ್ನು ಕೊಟ್ಟು, ಉಸಿರು ಹಿಡಿದು, ಬೆರಳನ್ನು ಮೆಲ್ಲಗೆ ಒತ್ತುವುದನ್ನು ಅವಳೇ ಕಲಿಸಿದಳು. ಕೊಂಬೆಯಿಂದ ಇಳಿಬಿದ್ದ ಸೀತಾಳೆ ಹೂವಿನ ಗೊಂಚಲು, ಕೊಳೆತ ದಿಮ್ಮಿಯ ಮೇಲೆ ಸಾಲಾಗಿ ಎದ್ದ ಅಣಬೆ, ಹಾವಿನಂತೆ ಸುತ್ತಿಕೊಂಡ ಬಳ್ಳಿ ಇಂಥವುಗಳ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದೆವು. ಕಾಲಿಗೆ ಹತ್ತಿದ ಜಿಗಣೆಗಳನ್ನು ಅವಳು ಬ್ಯಾಂಡೇಜ್ ಬಿಚ್ಚಿದಷ್ಟೇ ನಿರಾಳವಾಗಿ ಕಿತ್ತು ಬಿಸಾಡುತ್ತಿದ್ದಳು.

ಹೀಗೆ ಕೆಲವು ಮಳೆಗಾಲಗಳು ಹೋದವು. ಆಮೇಲೆ ಒಂದು ದಿನ, ತೊರೆಯ ಮೇಲೆ ಬಾಗಿದ ಎಲೆಯೊಂದರಲ್ಲಿ ಹಸಿರು ಕಪ್ಪೆ ಕೂತಿತ್ತು. ಅವಳು ಮಂಡಿಯೂರಿ ಕ್ಯಾಮೆರಾ ಹಿಡಿದಳು. ಫೋಕಸ್ ಸರಿಮಾಡಿದಳು. ಎಷ್ಟು ಹೊತ್ತಾದರೂ ಸದ್ದಿಲ್ಲ.

"ಯಾಕ, ತಗೀವಲ್ಲಿ?" ಎಂದೆ.

"ಒತ್ತಾಕತ್ತೇನಿ ಅಕ್ಕಾ. ಒತ್ತಾಕ ಆಗವಲ್ದು."

ಕ್ಯಾಮೆರಾದೊಳಗೆ ನೀರು ಹೋಯಿತೇನೋ ಎಂದುಕೊಂಡು ಇಸಕೊಂಡೆ. ನಾನು ಒತ್ತಿದರೆ ಸರಿಯಾಗಿ ಕೆಲಸ ಮಾಡಿತು. ಅವಳು ಬಲಗೈಯನ್ನು ಮುಂದೆ ಚಾಚಿ ತಿರುಗಿಸಿ ನೋಡಿಕೊಂಡಳು. ಹೆಬ್ಬೆರಳ ಬುಡದ ಉಬ್ಬು ಇಳಿದು ಅಲ್ಲೊಂದು ತಗ್ಗು ಬಿದ್ದಿತ್ತು. ಎಷ್ಟೋ ಜನರ ಕೈ ಹಿಡಿದು ಸೂಜಿ ಚುಚ್ಚಿದವಳು ತನ್ನ ಕೈಯನ್ನು ರೋಗಿಯೊಬ್ಬರ ಕೈಯಂತೆ ನೋಡುತ್ತಿದ್ದಳು.

"ಸೂಜಿ ಹಾಕೂ ಮುಂದ ಒಂದೆರಡು ಸಲ ಬೆರಳು ಜಾರಿತ್ತು. ದಣಿವಿರಬೇಕು ಅಂದಕೊಂಡಿದ್ದೆ" ಎಂದಳು. ಎಲೆಯ ಕಡೆ ತಿರುಗಿ, "ಕಪ್ಪಿ ಜಿಗದು ಹೋಗೂದ್ರಾಗ ನೀ ತಗಿ" ಎಂದಳು. ಅವಳು ನನಗೆ ಮೊದಲ ಬಾರಿ 'ನೀ' ಎಂದದ್ದು ಆಗ.

ಹುಬ್ಬಳ್ಳಿಯಲ್ಲಿ ಪರೀಕ್ಷೆಗಳಾದವು. ನರಗಳ ರೋಗ, ಔಷಧವಿಲ್ಲ. ಮೊದಲು ಕೈಕಾಲು, ಆಮೇಲೆ ಮಾತು, ಕೊನೆಗೆ ಉಸಿರು. ಇದನ್ನೆಲ್ಲ ಅವಳು ಬೈಲಹೊಂಗಲದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಯಾರದೋ ಕೇಸು ವಿವರಿಸುವ ಹಾಗೆ ಹೇಳಿದಳು. ಕಡೆಗೆ ಮಾತ್ರ ದನಿ ಸಣ್ಣದಾಯಿತು. "ಕಡೀತನಕ ತಲಿ ಚಲೋ ಇರತೈತಂತ ಅಕ್ಕಾ. ಅದ ತ್ರಾಸು."

ಮುಂದಿನ ಮಳೆಗಾಲಕ್ಕೆ ಅವಳು ಕೋಲು ಹಿಡಿದು ಬಂದಳು. ಕ್ಯಾಮೆರಾ ನನ್ನ ಕೊರಳಿಗೆ ಬಂತು. ಅವಳು ಹಿಂದೆ ನಿಂತು ಹೇಳುವುದು, ನಾನು ತೆಗೆಯುವುದು. "ಕೆಳಗ ಕುಂದ್ರು. ಇನ್ನೂ ಕೆಳಗ. ಮಾರಿಗೆ ಕೆಸರು ಹತ್ತಿದ್ರ ಹತ್ತಲಿ, ಏನ್ ಮದವಿಗೆ ಹೊಂಟೀಯೇನು?" ಎಂದು ಗದರಿಸಿ ತಾನೇ ನಗುತ್ತಿದ್ದಳು. ಆ ವರ್ಷದ ಫೋಟೋಗಳು ನಾನು ತೆಗೆದವುಗಳಲ್ಲೇ ಎಲ್ಲಕ್ಕಿಂತ ಚೆನ್ನಾಗಿವೆ. ಆದರೆ ಅವನ್ನು ನನ್ನವು ಎನ್ನಲು ಬಾಯಿ ಬರುವುದಿಲ್ಲ.

ಅದರ ಮರುವರ್ಷ ಅವಳ ಗಂಡ ಕಾರಿನಲ್ಲಿ ಕರೆತಂದು, ಡಾಂಬರು ರಸ್ತೆ ಮುಗಿಯುವಲ್ಲಿ ನಿಲ್ಲಿಸಿದರು. ಅವಳು ಇಳಿಯುವ ಹಾಗಿರಲಿಲ್ಲ. ಬಾಗಿಲು ತೆರೆದಿಟ್ಟು ಕಾಡಿನ ಕಡೆಗೆ ಮುಖ ಮಾಡಿ ಕೂರಿಸಿದೆವು. ನಾಲಗೆ ತೊದಲುತ್ತಿತ್ತು. "ನೀ ಒಳಗ ಹೋಗಿ ಬಾ" ಎಂದಳು. ಹೋದೆ. ಬಂದು ತೋರಿಸಿದೆ. ಒಂದೊಂದನ್ನೂ ನೋಡಿ ತಲೆಯಾಡಿಸಿದಳು.

ಆಮೇಲೆ ನಾನೊಬ್ಬಳೇ ಹೋಗಿ, ತೆಗೆದದ್ದನ್ನು ಪೆನ್‌ಡ್ರೈವಿನಲ್ಲಿ ತಂದು ಅವರ ಮನೆಯ ಟಿವಿಗೆ ಹಾಕಿ ತೋರಿಸತೊಡಗಿದೆ. ಅದರಿಂದ ಅವಳಿಗೆ ಸಮಾಧಾನ ಎಂದುಕೊಂಡಿದ್ದೆ. ಒಂದು ಸಂಜೆ ನಾಲ್ಕೈದು ಫೋಟೋ ಆಗುವಷ್ಟರಲ್ಲಿ ಅವಳು ಮುಖ ಗೋಡೆಯ ಕಡೆ ತಿರುಗಿಸಿದಳು.

"ದಣಿವಾತೇನು? ಮುಂದಿನ ವಾರ ನೋಡೂಣು" ಎಂದೆ.

ಅವಳು ಒಂದೊಂದೇ ಮಾತನ್ನು ಕಷ್ಟಪಟ್ಟು ಆಡಿದಳು. "ಮುಂದಿನ ವಾರನೂ ಬ್ಯಾಡ. ಇನ್ನ ತರಬ್ಯಾಡ ಅಕ್ಕಾ. ಅವು ನೋಡಿದ್ರ... ನಾ ಅಲ್ಲಿ ಇಲ್ಲಂತ ಗೊತ್ತಾಗತೈತಿ."

ನಾನು ಟಿವಿ ಆರಿಸಿದೆ. ಆಮೇಲೆ ಕಿತ್ತೂರಿಗೆ ಹೋದಾಗಲೆಲ್ಲ ಬರಿಗೈಯಲ್ಲಿ ಹೋಗುತ್ತಿದ್ದೆ. ಅವಳ ತಲೆ ಬಾಚುತ್ತಿದ್ದೆ, ಶಾಲೆಯ ಹುಡುಗಿಯರ ಜಗಳಗಳನ್ನು ಹೇಳುತ್ತಿದ್ದೆ. ಮಾತು ಪೂರ್ತಿ ನಿಂತ ಮೇಲೆ ಅವಳು ಕಣ್ಣಲ್ಲೇ ಹೂಂ, ಉಹೂಂ ಎನ್ನುತ್ತಿದ್ದಳು. ಕಾಡಿನ ಸುದ್ದಿಯನ್ನು ಅವಳೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾನೆ ಹೋಗಿಬಿಟ್ಟಳು. ಮಣ್ಣಿಗೆ ಹೋದಾಗ ಮನೆ ತುಂಬ ಅಳು. ಅವಳ ಅತ್ತೆ ಮಾತ್ರ ಅಳದೆ, ಬಂದವರಿಗೆಲ್ಲ ಕುಡಿಯಲು ನೀರು ಕೊಡುತ್ತ ಓಡಾಡುತ್ತಿದ್ದರು.

ಮಳೆಗಾಲ ಹಿಡಿದಾಗ ಆ ಅತ್ತೆಯೇ ನನಗೆ ಫೋನ್ ಮಾಡಿಸಿದರು. "ಅಕ್ಕೋರ, ನನ್ನೂ ಒಮ್ಮೆ ಅಲ್ಲಿಗೆ ಕರಕೊಂಡ ಹೋಗ್ರಿ."

"ಅವ್ವಾರ, ಕೆಸರು, ಜಾರಿಕಿ. ನಿಮಗ ಆಗೂದಿಲ್ರಿ" ಎಂದೆ.

"ಆದಷ್ಟ ನಡೀತೇನಿ. ಆಗದಿದ್ರ ಕುಂದ್ರತೇನಿ."

ಜೀಪು ಮಾಡಿಕೊಂಡು ಹೋದೆವು. ಅವರು ಕಾಡಿನ ಬಾಯಲ್ಲಿ ಇಳಿದು, ನನ್ನ ಭುಜ ಹಿಡಿದು, ಕಚ್ಚೆ ಹಾಕಿದ ಇಳಕಲ್ ಸೀರೆಯನ್ನು ಮೊಣಕಾಲವರೆಗೆ ಎತ್ತಿಕೊಂಡು ನಡೆದರು. ಗೋಡೆಯಂಥ ಬೇರುಗಳ ಮರವೊಂದರ ಹತ್ತಿರ ನಿಂತು, ತುದಿ ಕಾಣುತ್ತದೆಯೇ ಎಂದು ಮೇಲೆ ನೋಡಿದರು. ಕಾಣಲಿಲ್ಲ. ಅವರ ಹಿಮ್ಮಡಿಯಲ್ಲಿ ಜಿಗಣೆಯೊಂದು ರಕ್ತ ಕುಡಿದು ಉಬ್ಬಿತ್ತು. ಕೀಳಲು ಬಗ್ಗಿದೆ.

"ಇರಲಿ ಬಿಡ್ರಿ ಅಕ್ಕೋರ," ಎಂದರು. "ಆಕಿದೂ ಕುಡದಿರಬೇಕದು."

ನಾನು ಬಗ್ಗಿದವಳು ಹಾಗೇ ಕೂತುಬಿಟ್ಟೆ. ಅವರೂ ಬೇರಿನ ಮೇಲೆ ಕುಳಿತರು.

"ಪ್ರತಿ ವರ್ಷ ಕರೀತಿದ್ಲು ನನ್ನ. 'ಅತ್ತಿ, ಒಮ್ಮೆ ಬರ್ರಿ, ಗಾಡಿ ಮಾಡತೇನಿ' ಅಂತಿದ್ಲು. ಗಿಡಾ ನೋಡಾಕ ಅಷ್ಟ ದೂರ ಯಾಕ ಹೋಗಬೇಕವ್ವಾ, ಹಿತ್ತಲದಾಗ ಬೇವಿನ ಗಿಡಾ ಇಲ್ಲೇನು, ಅಂತಿದ್ದೆ. ಆಕಿ ನಗತಿದ್ಲು."

ಅಷ್ಟು ಹೇಳಿ ಅಳಲು ಶುರುಮಾಡಿದರು. ನಮ್ಮ ಕಡೆ ಹೆಂಗಸರು ಸತ್ತವರ ಗುಣವನ್ನೆಲ್ಲ ಹಾಡಿಕೊಂಡು ಅಳುತ್ತಾರಲ್ಲ, ಹಾಗೆ. ಮಣ್ಣಿನ ದಿನ ಅಳದೆ ಉಳಿಸಿಕೊಂಡದ್ದೆಲ್ಲ ಅಲ್ಲಿ ಹೊರಗೆ ಬಂತು. ಗಾರ್ಡ್ ಟೋಪಿ ತೆಗೆದು ದೂರ ಹೋಗಿ ನಿಂತ. ನಾನು ಅವರನ್ನು ತಬ್ಬಿ ಹಿಡಿದುಕೊಂಡೆ. ನಾನೂ ಅತ್ತುಬಿಟ್ಟೆ.

ವಾಪಸು ಬರುವಾಗ ಜೀಪಿನಲ್ಲಿ ಕೇಳಿದರು. "ಇಲ್ಲಿ ಆಕಿದೊಂದ ಫೋಟೋ ಇದ್ರ ಕೊಡ್ರಿ."

ಮನೆಗೆ ಬಂದು ಎಲ್ಲವನ್ನೂ ತೆರೆದು ಹುಡುಕಿದೆ. ಎಲೆಗಳಿದ್ದವು, ಹೂವಿದ್ದವು, ಕಪ್ಪೆ, ಹುಳ, ಮಂಜು. ಅಷ್ಟು ಮಳೆಗಾಲ ಜೊತೆಗೆ ತಿರುಗಿ ನಾವು ಒಬ್ಬರದೊಬ್ಬರು ಫೋಟೋ ತೆಗೆದುಕೊಂಡೇ ಇರಲಿಲ್ಲ. ಕೊನೆಗೆ ಎರಡನೆಯ ವರ್ಷದ ಒಂದು ಚಿತ್ರದ ಅಂಚಿನಲ್ಲಿ ಅವಳ ಕೈ ಸಿಕ್ಕಿತು. ಸೀತಾಳೆ ಹೂವಿಗೆ ಅಡ್ಡ ಬಂದ ರೆಂಬೆಯನ್ನು ನನಗಾಗಿ ಸರಿಸಿ ಹಿಡಿದಿದ್ದ ಕೈ. ಒದ್ದೆಯಾಗಿ, ಹಸಿರು ಬಳೆಗಳೊಂದಿಗೆ, ತುಂಬಿಕೊಂಡಿದ್ದ ಕೈ.

ಅದನ್ನೇ ಬೈಲಹೊಂಗಲದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದೆ. ಸ್ಟುಡಿಯೋದವರು, "ಅಕ್ಕೋರ, ಈ ಕೈ ಕಟ್ ಮಾಡಿ ಹೂವಷ್ಟ ಇಡ್ಲೇನ್ರಿ?" ಎಂದರು. "ಬ್ಯಾಡ, ಕೈ ಇರಲಿ" ಎಂದೆ.

ಅತ್ತೆ ಆ ಫೋಟೋವನ್ನು ದೇವರ ಜಗಲಿಯ ಪಕ್ಕದ ಗೋಡೆಗೆ ಹಾಕಿಸಿದ್ದಾರೆ. ದಿನಾ ಪೂಜೆಯಾದ ಮೇಲೆ ಆ ಕೈಗೆ ವಿಭೂತಿ ಹಚ್ಚುತ್ತಾರೆಂದು ಅವರ ಮಗ ಹೇಳಿದರು. ಈ ವರ್ಷ ಮಳೆ ಬೇಗ ಹಿಡಿದಿದೆ. ನಾನು ಇನ್ನೂ ಕಾಡಿಗೆ ಹೋಗಿಲ್ಲ.