ಎರಡನೇ ಸಿ.ಡಿ.

ಅಮ್ಮನಿಗೆ ನಾನೇ ಹೇಳಬೇಕಾದ ಮಾತನ್ನು ಸಿನಿಮಾದವರ ಬಾಯಿಂದ ಹೇಳಿಸಲು ಹೊರಟ ಶೂರ ನಾನು. ಮಾತು ದೊಡ್ಡದೇನಲ್ಲ. ನನಗೆ ಮನಸ್ಸಾಗುವುದು ಗಂಡಸರ ಮೇಲೆ, ಹಾಗಾಗಿ ಹೆಣ್ಣು ನೋಡುವುದನ್ನು ನಿಲ್ಲಿಸಿ, ಅಷ್ಟೇ. ಆಗ ಶಿವಮೊಗ್ಗದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಸಂಜೆ ಭದ್ರಾವತಿಗೆ ಬರುವ ಬಸ್ಸಿನಲ್ಲಿ ಈ ಎರಡು ವಾಕ್ಯಗಳನ್ನು ದಿನಾ ಉರು ಹೊಡೆಯುತ್ತಿದ್ದೆ. ಮನೆ ಬಾಗಿಲು ತಲುಪುವಷ್ಟರಲ್ಲಿ ನಾಲಿಗೆ ಬಿದ್ದುಹೋಗುತ್ತಿತ್ತು.

ಅಂಥ ಹೊತ್ತಿನಲ್ಲೇ ಬಸ್ ಸ್ಟ್ಯಾಂಡ್ ಹತ್ತಿರದ ಸಿ.ಡಿ. ಅಂಗಡಿಯಲ್ಲಿ ಎರಡು ಸಿ.ಡಿ.ಗಳ ಒಂದು ಇಂಗ್ಲಿಷ್ ಕಾಮಿಡಿ ಬಾಡಿಗೆಗೆ ಸಿಕ್ಕಿತು. ಹೈಸ್ಕೂಲು ಹುಡುಗನೊಬ್ಬನಿಗೆ ಇನ್ನೊಬ್ಬ ಹುಡುಗನ ಮೇಲೆ ಪ್ರೀತಿ. ಗಾಬರಿಬಿದ್ದ ಅಪ್ಪ ಅವನನ್ನು 'ಗಂಡಸಾಗುವ' ಟ್ಯೂಷನ್ನಿಗೆ ಹಾಕುತ್ತಾನೆ. ಕಾಲು ಅಗಲಿಸಿ ಕೂರುವುದು, ಕಾರಿನ ಟಯರ್ ಬಿಚ್ಚುವುದು, ದೂರಕ್ಕೆ ಉಗುಳುವುದು, ಇವೇ ಪಾಠಗಳು. ಚಿತ್ರ ಗೇಲಿ ಮಾಡುತ್ತಿದ್ದುದು ಅಂಥ ಅಪ್ಪಂದಿರನ್ನೇ. ಸ್ನೇಹಿತನ ರೂಮಿನಲ್ಲಿ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಹುಡುಗ ತನ್ನಮ್ಮನ ಮುಂದೆ ಎಲ್ಲ ಹೇಳಿಕೊಳ್ಳುವುದು ಎರಡನೇ ಸಿ.ಡಿ.ಯಲ್ಲಿ.

ಅಪ್ಪನಿಗೆ ಸೆಕೆಂಡ್ ಶಿಫ್ಟ್ ಇದ್ದ ಭಾನುವಾರ ಅಮ್ಮನೊಬ್ಬಳಿಗೇ ತೋರಿಸುವುದೆಂದು ಪ್ಲಾನು ಮಾಡಿದೆ. ಆದರೆ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಸಿ.ಡಿ. ಪ್ಲೇಯರ್ ಹಾಕಿ ಒಬ್ಬರೇ ನೋಡಿದವರುಂಟೇ? ಪಕ್ಕದ ಮನೆಯ ಫಿಟ್ಟರ್ ಮಾಮ ಬಂದರು. ಹೊಳೆಹೊನ್ನೂರಿನಿಂದ ಬಂದಿದ್ದ ಚಿಕ್ಕಮ್ಮ ಮಂಡಕ್ಕಿ ತಟ್ಟೆ ಹಿಡಿದು ಮುಂದೆಯೇ ಕೂತರು. ಮೂವರಿಗೂ ಇಂಗ್ಲಿಷ್ ಬಾರದು. ಇಂಗ್ಲಿಷ್ ಸಿನಿಮಾ ಹಾಕಿದರೆ ಜೊತೆಜೊತೆಗೇ ಕನ್ನಡದಲ್ಲಿ ಹೇಳುತ್ತಾ ಹೋಗುವುದು ಮೊದಲಿನಿಂದಲೂ ನನ್ನ ಕೆಲಸ.

ತೆರೆಯ ಮೇಲೆ ಅಪ್ಪ ಮಗನನ್ನು ಹಿಡಿದು, ನೀನು ಹುಡುಗರನ್ನು ಪ್ರೀತಿಸುತ್ತೀಯಾ ಎಂದು ಕೂಗಿದ. ಎಲ್ಲರೂ ನನ್ನ ಮುಖ ನೋಡಿದರು.

"ಮಾರ್ಕ್ಸ್ ಕಡಿಮೆ ಬಂದಿದೆ ಅಂತ ಬೈತಿದಾನೆ" ಎಂದೆ.

ಹುಡುಗರಿಬ್ಬರೂ ಕೈ ಕೈ ಹಿಡಿದುಕೊಂಡರು. "ಕ್ಲಾಸ್‌ಮೇಟು. ನೋಟ್ಸ್ ಕೊಡ್ತಾನೆ" ಎಂದೆ. ಅಮ್ಮ ಒಮ್ಮೆ ನನ್ನ ಕಡೆ ತಿರುಗಿ, ಮತ್ತೆ ಟಿ.ವಿ. ನೋಡಿದಳು.

ಟ್ಯೂಷನ್ ಶುರುವಾದದ್ದೇ ಮಾಮ ನೆಟ್ಟಗೆ ಕೂತರು. "ಒಳ್ಳೆ ಟ್ಯೂಷನ್ ತಂಬಿ ಇದು! ನಮ್ಮ ಅಪ್ರೆಂಟಿಸ್ ಹುಡುಗ್ರನ್ನೂ ಸೇರಿಸ್ಬೇಕು. ಒಬ್ಬನಿಗೂ ಸ್ಪ್ಯಾನರ್ ಹಿಡಿಯಕ್ಕೆ ಬರಲ್ಲ."

"ಅಲ್ವೋ ಮಾರಾಯ, ಮಾರ್ಕ್ಸ್ ಬರ್ದಿದ್ರೆ ಟಯರ್ ಬಿಚ್ಚೋದು ಯಾಕೆ ಕಲಿಸ್ತಾರೆ?" ಎಂದರು ಚಿಕ್ಕಮ್ಮ.

"ಅವರ ಕಡೆ ಹಂಗೇ ಚಿಕ್ಕಮ್ಮ" ಎಂದೆ. ಅಪ್ಪಂದಿರನ್ನು ಗೇಲಿ ಮಾಡಲು ತೆಗೆದ ಚಿತ್ರ ನನ್ನ ಬಾಯಿಗೆ ಸಿಕ್ಕು ಐ.ಟಿ.ಐ. ಪ್ರಚಾರದ ಚಿತ್ರವಾಗಿತ್ತು. ಆ ಹುಡುಗ ಉಗುಳಲು ಹೋಗಿ ತನ್ನ ಅಂಗಿಯ ಮೇಲೇ ಉಗುಳಿಕೊಂಡಾಗ ಮಾಮ, ಚಿಕ್ಕಮ್ಮ ಬಿದ್ದುಬಿದ್ದು ನಕ್ಕರು. ಅನುಮಾನ ಬಾರದಿರಲೆಂದು ನಾನು ಅವರಿಗಿಂತ ಜೋರಾಗಿ ನಕ್ಕೆ.

ಅಮ್ಮ ನಗಲಿಲ್ಲ. "ಪಾಪ" ಎಂದಳು. ನನ್ನ ನಗು ಅರ್ಧಕ್ಕೇ ನಿಂತಿತು.

ಮೊದಲ ಸಿ.ಡಿ. ಮುಗಿಯಿತು. "ಇನ್ನೊಂದು ಹಾಕು ತಂಬಿ" ಎಂದರು ಮಾಮ. "ಅಂಗಡಿಯವ್ನು ಒಂದೇ ಕೊಟ್ಟಿದಾನೆ ಮಾಮ" ಎಂದುಬಿಟ್ಟೆ. ಅದು ನನ್ನ ಬ್ಯಾಗಿನಲ್ಲೇ ಇತ್ತು. ಮಾಮ ಅಂಗಡಿಯವನಿಗೆ ಬೈಯುತ್ತಾ ಎದ್ದರು. ಚಿಕ್ಕಮ್ಮ ಕೊನೆಯ ಬಸ್ಸು ತಪ್ಪೀತೆಂದು ಹೊರಟರು. ಬಚಾವಾದೆ ಎಂದುಕೊಂಡೆ, ಜೊತೆಗೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಾರನೆಯ ಬೆಳಿಗ್ಗೆ ಅಮ್ಮ ಊಟದ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ಶನಿವಾರದಿಂದ ನನ್ನ ಬ್ಯಾಗಿನಲ್ಲೇ ಉಳಿದಿದ್ದ ಆ ಡಬ್ಬಿಯನ್ನು ತೊಳೆಯಲೆಂದು ರಾತ್ರಿ ಅವಳೇ ತೆಗೆದಿದ್ದಳು.

"ಆ ಸಿ.ಡಿ. ಇವತ್ತು ವಾಪಸ್ ಕೊಡ್ಬೇಡ."

"ಯಾವ್ದಮ್ಮ?"

"ಎರಡನೇದು. ಸಂಜೆ ನಾವಿಬ್ರೇ ನೋಡಣ. ಆ ಹುಡುಗ ಅವರಮ್ಮಂಗೆ ಹೇಳ್ತಾನೋ ಇಲ್ವೋ ನೋಡ್ಬೇಕು ನಂಗೆ."

"ಆಯ್ತಮ್ಮ, ಕನ್ನಡದಲ್ಲಿ ಹೇಳ್ತಾ ಹೋಗ್ತೀನಿ" ಎಂದೆ.

"ನಂಗೆ ನೋಡಿದ್ರೆ ಗೊತ್ತಾಗುತ್ತೆ. ನೀನು ಮಧ್ಯ ಬಾಯಿ ಹಾಕ್ಬೇಡ" ಎಂದು ಡಬ್ಬಿಯನ್ನು ಕೈಗಿಟ್ಟಳು.