ಮೂರು ಸಲವೂ ಒಂದೇ ಅಂಕಿ

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಳಂದದ ಬಜಾರದಲ್ಲಿ ನಮ್ಮವರದು ಪಂಪಿನ ಬಿಡಿಭಾಗಗಳ ಅಂಗಡಿ. ಆ ಭಾಗಗಳನ್ನು ಸುತ್ತಲಿನ ತಾಲೂಕುಗಳಿಗೆಲ್ಲ ಕಳಿಸುವ ಸಾಹುಕಾರರ ಆಫೀಸು ಗುಲಬರ್ಗಾದಲ್ಲಿತ್ತು. ನನ್ನ ಮೈದುನ ಅಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಪಂಪುಗಳ ದೊಡ್ಡ ಪಟ್ಟಿಯನ್ನು ಅಂಗಡಿಯವರು ತಾವೇ ಫೋನಿನ ತಂತಿಯಿಂದ ಇಳಿಸಿಕೊಳ್ಳಲಿ ಎಂದು ಅವನೊಂದು ವೆಬ್ ಪುಟ ಮಾಡಿದ್ದ. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಮೊದಲು ನೋಡುವುದೆಂದು ಮಾತಾಗಿತ್ತು. ಅಂಗಡಿಯಲ್ಲಿ ಧೂಳು ಬಹಳವೆಂದು ಕಂಪ್ಯೂಟರನ್ನು ಮನೆಯ ಪಡಸಾಲೆಯಲ್ಲಿ ಇಟ್ಟಿದ್ದರು. ಮನೆಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ ಆದ್ದರಿಂದ ಇಳಿಸಿ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಫೈಲು ಇಳಿಯುತ್ತಿತ್ತು. ಪರದೆಯ ಮೇಲಿನ ನೀಲಿ ಪಟ್ಟಿ ತುದಿಯವರೆಗೆ ತುಂಬುತ್ತಿತ್ತು. ತೆರೆಯಲು ಹೋದರೆ ಮಾತ್ರ ಕೆಟ್ಟಿದೆ ಎನ್ನುತ್ತಿತ್ತು. ಅಫಜಲಪುರದವರದೂ ಜೇವರ್ಗಿಯವರದೂ ಅದೇ ದೂರು.

ಇಳಿದ ಫೈಲಿನ ಉದ್ದವನ್ನು ಪ್ರತಿ ಸಲ ಬರೆದಿಡಿ ಎಂದು ಮೈದುನ ಹೇಳಿದ್ದ. ನಾನು ಬರೆದಿದ್ದು ಎರಡೇ ಶಬ್ದ: ಲೈನ್ ಖರಾಬ್. ನಮ್ಮ ಕಡೆ ಅದು ಎಲ್ಲದಕ್ಕೂ ಒಪ್ಪುವ ಉತ್ತರ. ಫೋನು ಎತ್ತಿದರೆ ಹೆಂಚಿನ ಮೇಲೆ ಜೋಳ ಹುರಿದಂತೆ ಕರಕರ ಸದ್ದು. ಅದನ್ನು ಕೇಳಿದ ಮೇಲೆ ಬೇರೆ ಕಾರಣ ಹುಡುಕಬೇಕೆಂದು ಯಾರಿಗೂ ಅನಿಸುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಅವನ ಫೋನು ಬಂತು. ದನಿ ಸಣ್ಣದಾಗಿತ್ತು.

"ವೈನಿ, ಇವತ್ತ ನಾಕಕ್ಕ ಸಾಹುಕಾರ್ರು ಜೇವರ್ಗಿಯವ್ರಿಗೆ ಇಳಿಸ್ಕೋರಿ ಅಂತ ಹೇಳಾವ್ರ ಅದಾರ. ಫೈಲ್ ಬಿಚ್ಚಲಿಲ್ಲಂದ್ರ ಸೋಮವಾರದಿಂದ ನನ್ನ ಕುರ್ಚಿ ಮ್ಯಾಲ ಸೊಲ್ಲಾಪುರದಾಂವ ಕುಂದರ್ತಾನ."

"ನಿನ್ನ ಕಡೆ ಬಿಚ್ಚತದೇನು?"

"ನನ್ನ ಮಷೀನಿನ್ಯಾಗ ಚಂದಾಗಿ ಬಿಚ್ಚತದರಿ. ಲೈನಿಂದು ನಾ ಏನು ಮಾಡ್ಲಿ?"

ನಾನು ಮತ್ತೆ ಇಳಿಸಲು ಕೂತೆ. ಇಂಟರ್ನೆಟ್ ಹತ್ತಿದ್ದೇ ಮಧ್ಯಾಹ್ನ ಒಂದಕ್ಕೆ. ಮುಕ್ಕಾಲು ಗಂಟೆ ಹಿಡಿಯಿತು. ಅತ್ತೆ ಒಲೆಯ ಮುಂದಿನಿಂದಲೇ ಕೇಳಿದರು: "ಆ ಪೆಟಗಿ ಮುಂದ ಕುಂತ್ರ ರೊಟ್ಟಿ ತಾವೇ ಉಬ್ಬತಾವೇನ ಬೇ?"

"ನಿಮ್ಮ ಸಣ್ಣ ಮಗನ ಕೆಲಸದ್ದು ಅದ ಅತ್ತಿ."

ಆಮೇಲೆ ಅವರು ಕರೆಯಲಿಲ್ಲ. ಹಿಟ್ಟು ತಟ್ಟುವ ಸಪ್ಪಳ ಮಾತ್ರ ಕೇಳುತ್ತಿತ್ತು.

ಈ ಸಲವೂ ನೀಲಿ ಪಟ್ಟಿ ತುಂಬಿತು, ಫೈಲು ಬಿಚ್ಚಲಿಲ್ಲ. ಹಳೆಯವೆರಡನ್ನು ಅಳಿಸಿ ಜಾಗ ಮಾಡೋಣವೆಂದು ಮೂರರ ಹೆಸರನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ತರಿಸಿದೆ. ಮೂರರ ಪಕ್ಕದಲ್ಲೂ ಉದ್ದದ ಒಂದೇ ಅಂಕಿ, ಕೊನೆಯಲ್ಲಿ ಏಳು ಮೂರು ಆರು. ಕಣ್ಣು ತಪ್ಪಿತೇನೋ ಎಂದು ಬೆರಳಿಟ್ಟು ಓದಿದೆ. ಕೆಟ್ಟ ಲೈನು ಒಂದು ದಿನ ಹೆಚ್ಚು ತಿನ್ನಬೇಕು, ಒಂದು ದಿನ ಕಡಿಮೆ. ಮೂರು ದಿನವೂ ಅಳೆದಂತೆ ಅಲ್ಲಿಗೇ ಹೇಗೆ ನಿಂತೀತು?

ಸರ್ವರು ಫೈಲಿಗಿಂತ ಮೊದಲು ಕೆಲವು ಸಾಲು ಕಳಿಸುತ್ತದೆ, ಬರುವುದು ಏನು, ಎಷ್ಟು ಉದ್ದ ಎಂದು ಹೇಳುವ ಸಾಲುಗಳು. ಅವನ್ನಷ್ಟೇ ತರಿಸಿ ಓದುವ ಬಗೆಯನ್ನು ಮೈದುನ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಕಪ್ಪು ಕಿಟಕಿಯೊಂದನ್ನು ತೆರೆದು, ಇಂಗ್ಲಿಷಿನ ಒಂದು ಸಾಲು ಟೈಪು ಮಾಡಿ, ಎರಡು ಸಲ ಎಂಟರ್ ಒತ್ತಬೇಕು. ನಾವು ಒತ್ತಿದ ಅಕ್ಷರ ಅದರಲ್ಲಿ ಕಾಣುವುದಿಲ್ಲ. ಒಂದು ತಪ್ಪಿದರೂ ಸರ್ವರು ಬೈದು ಬಾಗಿಲು ಹಾಕಿಕೊಳ್ಳುತ್ತದೆ. ಮೊದಲ ಸಲ ಬೈಸಿಕೊಂಡೆ. ಎರಡನೆಯ ಸಲವೂ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಅಂಗೈ ಬೆವೆತು ಕೀಲಿಗಳು ಜಾರುತ್ತಿದ್ದವು. ಸೆರಗಿಗೆ ಒರೆಸಿಕೊಂಡು ಮೂರನೆಯ ಸಲ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳುತ್ತ ಒತ್ತಿದೆ.

ಸಾಲುಗಳು ಬಂದವು. ಎಲ್ಲ ಸರಿಯಿದೆ ಎಂಬ ಇನ್ನೂರರ ಸಾಲು, ತಾರೀಖು, ಜಿಪ್ ಎಂಬ ಬಗೆ, ಫೈಲಿನ ಹೆಸರು. ಅವುಗಳ ನಡುವೆ ಕಂಟೆಂಟ್ ಲೆಂಗ್ತ್, ಅಂದರೆ ಒಟ್ಟು ಉದ್ದ. ಅದರ ಕೊನೆಯಲ್ಲೂ ಏಳು ಮೂರು ಆರು.

ಲೈನು ಏನನ್ನೂ ತಿಂದಿರಲಿಲ್ಲ. ಸರ್ವರು ಇಷ್ಟೇ ಎಂದಿತ್ತು, ಅಷ್ಟೂ ಬಂದಿತ್ತು. ಹೇಳಿದ ಲೆಕ್ಕವೇ ಕಡಿಮೆಯಿದ್ದರೆ?

ಇಂಟರ್ನೆಟ್ಟಿಗೂ ಮಾತಿಗೂ ಒಂದೇ ತಂತಿ. ಇಂಟರ್ನೆಟ್ ಕಡಿದು ಗುಲಬರ್ಗಾಕ್ಕೆ ಫೋನು ಹಚ್ಚಿದೆ. ಎಂಗೇಜ್. ಮತ್ತೆ ಎಂಗೇಜ್. ಮೂರು ಗಂಟೆಯ ಮೇಲೆ ರಿಂಗಾಯಿತು. ಎತ್ತಿದವರು ಸಾಹುಕಾರರು. ಆಳಂದದಿಂದ ಎಂದೆ, ಮೈದುನನನ್ನು ಕರೆಯಿರಿ ಎಂದೆ.

"ನನ್ನ ಮುಂದೇ ಹೇಳ್ರಿ ಅಕ್ಕಾವ್ರ. ನೀವೂ ಲೈನ್ ಖರಾಬ್ ಅಂತೀರೇನು? ಆಳಂದದಾಗ ಖರಾಬ್, ಅಫಜಲಪುರದಾಗ ಖರಾಬ್, ಜೇವರ್ಗಿಯಾಗ ಖರಾಬ್. ಇಡೀ ಜಿಲ್ಲಾದಾಗ ನಂದೊಂದೇ ಲೈನ್ ಚಲೋ ಅದೇನ್ರಿ?"

ಲೈನು ಎಂದರೆ ಅವರು ನಂಬುವುದಿಲ್ಲ. ನಿಜ ಹೇಳಿದರೆ ತಪ್ಪು ನೇರ ಮೈದುನನ ತಲೆಗೆ. ತಿರುಗಿ ನೋಡಿದೆ. ಹಿಟ್ಟಿನ ಕೈಯಲ್ಲೇ ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು.

"ಲೈನ್ ಚಲೋ ಅದರಿ ಸಾಹುಕಾರ್ರ," ಎಂದೆ. "ಫೈಲ್ ಎಷ್ಟ ಉದ್ದ ಅದ ಅಂತ ಸರ್ವರ್ ಹೇಳ್ತದಲ್ರಿ, ಆ ಅಂಕಿನೇ ಕಡಿಮಿ ಇದ್ದಂಗ ಕಾಣ್ತದ. ಅದಕ್ಕ ಫೈಲಿನ ಬಾಲ ಬರವಲ್ದು. ಆಫೀಸಿನ ಫೈಲ್ ಎಷ್ಟ ಅದ ಅಂತ ಅವಗ ನೋಡಾಕ ಹೇಳ್ರಿ."

"ಅಂದ್ರ ತಪ್ಪು ಅವಂದೇ."

"ಮೊದಲ ನಂದ್ರಿ. ಅಂಕಿ ಬರೀರಿ ಅಂದಿದ್ದ. ನಾ ಬರೀಲಿಲ್ಲ. ಬರ್ದಿದ್ರ ನಿನ್ನೇನೇ ತಿಳೀತಿತ್ತು."

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ದೂರದಲ್ಲಿ ಕುರ್ಚಿ ಎಳೆದದ್ದು, ಯಾರೋ ಅಂಕಿ ಓದಿದ್ದು ಕೇಳಿಸಿತು. ಆಮೇಲೆ ಮೈದುನನ ದನಿ.

"ವೈನಿ, ಮೊದಲ ಪಟ್ಟಿ ಸಣ್ಣದಿತ್ತು. ಅದರ ಉದ್ದ ಅಳದು ಪ್ರೋಗ್ರಾಮಿನ್ಯಾಗ ಹಂಗೇ ಬರದ್ಬಿಟ್ಟಿದ್ದೆ. ಹೊಸ ಪಂಪ್ ಸೇರಿಸಿದಾಗ ಅಂಕಿ ಬದಲಿ ಮಾಡೋದು..." ಅಷ್ಟರಲ್ಲಿ ಫೋನು ಕಡಿಯಿತು. ಅವನೇ ಇಟ್ಟನೋ, ಸಾಹುಕಾರರು ಇಟ್ಟರೋ.

ನಾಲ್ಕಾಯಿತು. ನಾಲ್ಕೂಮುಕ್ಕಾಲಾಯಿತು. ಜೇವರ್ಗಿಯಲ್ಲೂ ಮುಕ್ಕಾಲು ಗಂಟೆ ಹಿಡಿದೀತು ಎಂದು ಲೆಕ್ಕ ಹಾಕಿದೆ. ಐದಾಯಿತು. ತೊಳೆದ ತಾಟುಗಳನ್ನೇ ಮತ್ತೆ ತೊಳೆದೆ. ಸಾಹುಕಾರರಿಗೆ ಹೇಳಿದ್ದು ಸರಿಯೇ, ಒಂದು ಸುಳ್ಳಿನಿಂದ ಅರ್ಧ ದಿನವಾದರೂ ಅವನಿಗೆ ಸಿಗುತ್ತಿತ್ತೇ ಎಂದು ಅದನ್ನೇ ತಿರುವುತ್ತಿದ್ದೆ.

ಫೋನು ರಿಂಗಾದಾಗ ನನ್ನ ಕೈ ತಾಟಿನ ನೀರಿನಲ್ಲಿತ್ತು. ಅತ್ತೆ ಎತ್ತಿದರು.

"ಹಾಂ. ಹಾಂ. ಯಾವಾಗ? ಹಾಂ." ಇಟ್ಟುಬಿಟ್ಟರು. ಸೆರಗಿನಿಂದ ರಿಸೀವರಿಗೆ ಹತ್ತಿದ್ದ ಹಿಟ್ಟು ಒರೆಸುತ್ತ ನಿಂತರು.

"ಏನಂದ ಅತ್ತಿ?"

"ಮುಂಜಾನಿಂದ ಒಂದ ತುತ್ತು ಉಂಡಿಲ್ಲಂತ ನೋಡು ಅಂವಾ. ಚಾ ಮ್ಯಾಲೇ ಅದಾನ."

"ಕೆಲಸದ್ದು ಏನಂದ?"

"ಅದಾ? ಅದು ಉಳೀತಂತ. ಜೇವರ್ಗಿಯಾಗ ಬಿಚ್ಚಿತಂತ," ಎಂದರು ಅತ್ತೆ. "ಉಣ್ಣಲಾರ್ದ ಕೆಲಸ ಮಾಡಿದ್ರ ಅಂಕಿ ಹ್ಯಾಂಗ ನೆನಪಿರತಾವ?"