ಹಸಿರು ತೋಳಿಗೆ ಹಾಕಿದ ಗುಲಾಬಿ

ತಂಗಿಯ ಮಗಳ ಸೀಮಂತದ ಹಸಿರು ರೇಷ್ಮೆ ರವಿಕೆಯ ತೋಳಿಗೆ ನಾನೇ ದಾರದ ಹೂ ಹಾಕಿಕೊಡುತ್ತೇನೆಂದು ಮಾತು ಕೊಟ್ಟಾಗ ನನಗೆ ಬರುತ್ತಿದ್ದದ್ದು ಕಾಜಾ ಮತ್ತು ಹುಕ್ಕು ಹೊಲಿಯುವುದು ಮಾತ್ರ. ನನಗೆ ಹೆಣ್ಣುಮಕ್ಕಳಿಲ್ಲ. ಚಿಕ್ಕವಳಿದ್ದಾಗ ರಜೆ ಪೂರ್ತಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದವಳು ಅವಳು. ನನ್ನ ಕೈಯ ಹೂ ತೊಟ್ಟು ಅವಳು ಹಸೆಯ ಮೇಲೆ ಕೂರಬೇಕು, ಬಂದವರೆಲ್ಲ ನೋಡಬೇಕು. ಇಷ್ಟೇ ಆಸೆ.

ತೀರ್ಥಹಳ್ಳಿಯಲ್ಲಿ ನಮ್ಮ ಬೀದಿಯಲ್ಲೇ ಹೊಲಿಗೆ ಕ್ಲಾಸು ನಡೆಸುವ ಹುಡುಗಿಯ ಹತ್ತಿರ ಸೇರಿದೆ. ಬುಲಿಯನ್ ನಾಟ್ ಎಂಬ ಹೊಲಿಗೆ. ಸೂಜಿಯನ್ನು ಬಟ್ಟೆಯಲ್ಲಿ ಅರ್ಧ ಚುಚ್ಚಿ ನಿಲ್ಲಿಸಿ, ಮೊನೆಗೆ ದಾರ ಸುತ್ತಿ, ಆ ಸುರುಳಿಯನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು ಸೂಜಿಯನ್ನು ಎಳೆದುಕೊಳ್ಳಬೇಕು. ಒಂದು ಸುರುಳಿ ಒಂದು ಎಸಳು. ಎಸಳುಗಳು ಒಂದನ್ನೊಂದು ಅಪ್ಪಿ ಕೂತರೆ ಗುಲಾಬಿ. ಸಡಿಲವಾದೀತೆಂದು ಹೆದರಿ ನಾನು ಹೆಚ್ಚೇ ಸುತ್ತುತ್ತಿದ್ದೆ. ಎಸಳು ಉಬ್ಬಿ, ಡೊಂಕಾಗಿ ಮೇಲೇಳುತ್ತಿತ್ತು.

"ಆಂಟಿ, ಇದು ಗುಲಾಬಿ ಅಲ್ಲ, ರಕ್ತ ಕುಡಿದ ಉಂಬಳ!" ಹುಡುಗಿ ನಾನು ಹೊಲಿಯುತ್ತಿದ್ದ ಬಟ್ಟೆಯನ್ನು ಎತ್ತಿ ಕ್ಲಾಸಿನವರಿಗೆಲ್ಲ ತೋರಿಸಿದಳು.

"ಉಪ್ಪು ಹಾಕಿ ಆಂಟಿ, ಉದುರ್ತದೆ," ಎಂದಳು ಇನ್ನೊಬ್ಬಳು.

ಎಲ್ಲರಿಗಿಂತ ಜೋರಾಗಿ ನಾನೇ ನಕ್ಕುಬಿಡುವುದು ನನ್ನ ಹಳೆಯ ಉಪಾಯ. ನಕ್ಕೆ.

ಅಂತೂ ಗುಲಾಬಿ ಬಂತು. "ಒಳಗೆ ಗಂಟು ಬೇಡ. ದಾರದ ತುದೀನ ಹೊಲಿಗೆಯ ಅಡಿಗೆ ತೂರಿಸಿ, ಸಾಕು," ಎಂದು ಹುಡುಗಿ ಹೇಳಿದ್ದಳು. ನನಗೆ ಸಾಕೆನಿಸಲಿಲ್ಲ. ಹಸೆಯ ಮೇಲೆ ಒಂದು ಎಸಳು ಬಿಚ್ಚಿಕೊಂಡರೆ? ಆರತಿ ತಟ್ಟೆಗೇ ಬಿದ್ದರೆ? ಅಪಶಕುನ ಅಂದುಬಿಟ್ಟರೆ? ಪ್ರತಿ ಹೂವಿನ ಹಿಂದೆ, ಲೈನಿಂಗ್ ಸೇರಿಸಿ, ಗಂಟಿನ ಮೇಲೆ ಗಂಟು ಬಿಗಿದೆ. ಎಲೆಗಳದ್ದು ಜರಿ ದಾರ. ಅದಕ್ಕೂ ಬಿಗಿದೆ. ಹೊಸನಗರದ ಮೇಲೆ ತಂಗಿಯ ಊರಾದ ಸಾಗರಕ್ಕೆ ಹೋಗುವ ಬಸ್ಸಿನಲ್ಲಿ ರವಿಕೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಸೀಮಂತದ ಬೆಳಿಗ್ಗೆ ಅವಳು ಅದನ್ನು ತೊಟ್ಟು, ಹಸಿರು ಬಳೆ ಏರಿಸುವಷ್ಟರಲ್ಲೇ ತೋಳು ಕೆರೆಯತೊಡಗಿದಳು.

"ಎಂತ ಇಟ್ಟಿದೀಯ ದೊಡ್ಡಮ್ಮ ಇದ್ರೊಳಗೆ? ಚುಚ್ತದೆ!"

ತಂಗಿ ರವಿಕೆ ಬಿಚ್ಚಿಸಿ ಅದರ ತೋಳಿನ ಒಳಮಗ್ಗುಲನ್ನು ಹೊರಗೆ ತಿರುಗಿಸಿದಳು. "ಅಯ್ಯೋ ಅಕ್ಕ, ಹೂ ಹಾಕಿದ್ದಾ, ಮುಳ್ಳುಬೇಲಿ ಹಾಕಿದ್ದಾ?"

ಕೋಣೆಯ ತುಂಬ ಹೆಂಗಸರು. ಈ ಸಲ ಮೊದಲು ನಗಲು ನನ್ನಿಂದ ಆಗಲಿಲ್ಲ.

ಏಳು ತಿಂಗಳ ಮೈಗೆ ಬೇರೆ ರವಿಕೆ ಯಾವುದೂ ಆಗುತ್ತಿರಲಿಲ್ಲ. "ಒಳಗೊಂದು ಕರ್ಚೀಫ್ ಮಡಚಿಟ್ಟು..." ಎಂದು ನಾನು ಶುರುಮಾಡಿದೆ.

"ಬೇಡ ದೊಡ್ಡಮ್ಮ, ಕಿತ್ತುಬಿಡು. ನೀನೇ ಕೀಳು. ಬೇರೆಯವ್ರು ಕಿತ್ರೆ ಬಟ್ಟೆ ಹರೀತದೆ."

ಕಿತ್ತೆ. ಮೊದಲು ಗಂಟು, ಆಮೇಲೆ ಒಂದೊಂದೇ ಎಸಳು. ಬೇಗ ಬಿಚ್ಚಲಿಲ್ಲ. "ಗಟ್ಟಿ ಮಾತ್ರ ಬಂದಿದೆ ಅಕ್ಕ, ಅದನ್ನ ಒಪ್ಪಬೇಕು. ಬೇಗ ಮಾಡು, ಭಟ್ರು ಕರೀತಿದಾರೆ," ಎಂದು ತಂಗಿ ತಲೆಯ ಮೇಲೇ ನಿಂತಿದ್ದಳು. ಉದುರಿದ್ದನ್ನು ಯಾರೋ ಮಲ್ಲಿಗೆಯ ತೊಟ್ಟುಗಳ ಜೊತೆ ಗುಡಿಸಿಕೊಂಡು ಹೋದರು.

ರೇಷ್ಮೆಯ ಮೇಲೆ ತೂತುಗಳು ಉಳಿದವು. ಅವು ಕಾಣದಂತೆ ಅವಳು ಎರಡೂ ತೋಳಿಗೆ ಸೆರಗು ಹೊದ್ದಳು. ಅದು ಜಾರುತ್ತಲೇ ಇತ್ತು. "ನೀನು ಹಿಂದೆ ಕೂತು ಹಿಡ್ಕೋ ದೊಡ್ಡಮ್ಮ." ಹಸೆಯ ಹಿಂದೆ ಕೂತು ಹಿಡಿದುಕೊಂಡೆ.

ಆರತಿ ಎತ್ತಲು ಬಂದ ಹಿರಿಯರೊಬ್ಬರು ಕಣ್ತುಂಬ ನೋಡಿದರು. "ಈಗಿನ ಹುಡುಗೀರಲ್ಲಿ ಹೀಗೆ ಲಕ್ಷಣವಾಗಿ ಸೆರಗು ಹೊದ್ದು ಕೂರೋರು ಯಾರಿದಾರೆ?"

"ಮನೆಯಲ್ಲಿ ಹೇಳಿಕೊಟ್ಟಿದ್ದು," ಎಂದಳು ತಂಗಿ.

"ಹಿಂದಿರೋ ಆಂಟಿ, ಸ್ವಲ್ಪ ತಲೆ ಬಗ್ಗಿಸ್ಕೊಳ್ಳಿ, ಇಲ್ಲಾಂದ್ರೆ ಫೋಟೋದಲ್ಲಿ ಬರ್ತೀರಿ," ಎಂದ ಕ್ಯಾಮೆರಾದವನು.

ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಬಗ್ಗಿದೆ.